ಓದುಗರ ಪ್ರಶ್ನೆ, ವೈದ್ಯರ ಉತ್ತರ: ಬಿಳಿ ಸೆರಗಿಗೆ ಗುಳಿಗೆ ಮೊದಲೋ, ಪರೀಕ್ಷೆ ಮೊದಲೋ?

ಈ ಸಲ ಅಂಕಣಕ್ಕೆ ಬಂದ ಕಾಗದಗಳಲ್ಲಿ ಹೆಚ್ಚಿನವು ಒಂದೇ ತೊಂದರೆಯ ಸುತ್ತ ಇವೆ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಹೆಣ್ಣುಮಕ್ಕಳು ಬಿಳಿ ಸೆರಗು, ತುರಿಕೆ, ಕೆಳಹೊಟ್ಟೆ ನೋವು ಎಂದು ಬರೆದಿದ್ದಾರೆ. ಅವರಲ್ಲಿ ಬಹಳಷ್ಟು ಮಂದಿ ವರ್ಷಗಟ್ಟಲೆ ಔಷಧಿ ತೆಗೆದುಕೊಂಡಿದ್ದರೂ ಒಮ್ಮೆಯೂ ಸರಿಯಾದ ಪರೀಕ್ಷೆ ಮಾಡಿಸಿಕೊಂಡವರಲ್ಲ. ಆದ್ದರಿಂದ ಪರಾವಲಂಬಿ ಜೀವಿಗಳಿಂದ, ಅಂದರೆ ನಮ್ಮ ಮೈಯನ್ನೇ ಮನೆ ಮಾಡಿಕೊಂಡು ಬದುಕುವ ಸೂಕ್ಷ್ಮಜೀವಿ ಮತ್ತು ಹುಳುಗಳಿಂದ, ಹೆಣ್ಣಿನ ಜನನಾಂಗಕ್ಕೆ ಬರುವ ಸೋಂಕನ್ನು ಪತ್ತೆ ಹಚ್ಚುವ ಕ್ರಮದ ಬಗ್ಗೆಯೇ ಈ ಸಲದ ಉತ್ತರಗಳನ್ನು ಮೀಸಲಿಟ್ಟಿದ್ದೇನೆ. ಬರೆದವರ ಹೆಸರು, ಊರುಗಳನ್ನು ಎಂದಿನಂತೆ ಬಿಟ್ಟಿದ್ದೇನೆ.

ಪ್ರಶ್ನೆ: ಡಾಕ್ಟರ ಬಾಯಿಯವರಿಗೆ ಶರಣು. ನನಗೆ 32 ವರ್ಷ, ಸೇಡಂ ತಾಲ್ಲೂಕಿನವಳು. ಎರಡು ವರ್ಷದಿಂದ ಸೆರಗು ಹೋಗುತ್ತಿದೆ. ಒಮ್ಮೊಮ್ಮೆ ಹಳದಿ-ಹಸಿರು ಬಣ್ಣ, ನೊರೆ ಮತ್ತು ನಾತ ಇರುತ್ತದೆ. ಮೆಡಿಕಲ್ ಅಂಗಡಿಯ ಗುಳಿಗೆ ನುಂಗಿದರೆ ಹತ್ತು ದಿನ ಕಡಿಮೆಯಾಗಿ ಮತ್ತೆ ಶುರುವಾಗುತ್ತದೆ. ಒಂದು ಸಲ ಲ್ಯಾಬಿಗೆ ಕೊಟ್ಟಾಗ ಏನೂ ಇಲ್ಲ ಎಂದು ಬರೆದುಕೊಟ್ಟರು. ಉಷ್ಣವಾಗಿದೆ, ಮಜ್ಜಿಗೆ ಕುಡಿ ಎಂದು ಅತ್ತೆಯವರು ಹೇಳುತ್ತಾರೆ. ನಮ್ಮ ಮನೆಯವರು ಪುಣೆಯಲ್ಲಿ ಕಟ್ಟಡದ ಕೆಲಸಕ್ಕಿದ್ದು ಹಬ್ಬಕ್ಕೆ ಊರಿಗೆ ಬರುತ್ತಾರೆ. ಲ್ಯಾಬಿನಲ್ಲಿ ಇಲ್ಲ ಎಂದ ಮೇಲೆ ಇದು ನನ್ನ ಮನಸ್ಸಿನ ಭ್ರಮೆಯೇ?

ಉತ್ತರ: ಭ್ರಮೆಯಲ್ಲ ತಂಗಿ. ನೀವು ಬರೆದ ಬಣ್ಣ, ನೊರೆ, ನಾತ ಮೂರೂ ಟ್ರೈಕೊಮೊನಾಸ್ ಎಂಬ ಏಕಕೋಶ ಜೀವಿಯ ಕಡೆಗೆ ಬೆರಳು ತೋರಿಸುತ್ತವೆ. ಇದನ್ನು 1836ರಲ್ಲಿ ಪ್ಯಾರಿಸಿನ ವೈದ್ಯ ಆಲ್ಫ್ರೆಡ್ ಡೋನೆ ಮೊದಲು ಕಂಡರು. ಲೈಂಗಿಕ ಸಂಪರ್ಕದಿಂದ ಹರಡುವ, ವೈರಸ್ಸಿನಿಂದಲ್ಲದ ಸೋಂಕುಗಳಲ್ಲಿ ಜಗತ್ತಿನಲ್ಲೇ ಅತಿ ಸಾಮಾನ್ಯವಾದುದು ಇದು. 2020ರಲ್ಲಿ ಸುಮಾರು 15 ಕೋಟಿ 60 ಲಕ್ಷ ಹೊಸ ಸೋಂಕುಗಳಾದವು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆದರೆ ಬಣ್ಣ, ವಾಸನೆಗಳನ್ನು ಮಾತ್ರ ನಂಬಿ ಇದೇ ರೋಗ ಎಂದು ನಾನೂ ಹೇಳಬಾರದು, ಅಂಗಡಿಯವರೂ ಹೇಳಬಾರದು. ಶಿಲೀಂಧ್ರದ ಸೋಂಕಿನಲ್ಲೂ ಬಿಳಿ ಹೋಗುತ್ತದೆ, ಯೋನಿಯ ಸಹಜ ಬ್ಯಾಕ್ಟೀರಿಯಾಗಳ ಸಮತೋಲ ಕೆಟ್ಟಾಗಲೂ ನಾತ ಬರುತ್ತದೆ, ಈ ಮೂರಕ್ಕೂ ಔಷಧಿ ಒಂದೇ ಅಲ್ಲ. ಟ್ರೈಕೊಮೊನಾಸ್ ಇದ್ದ ಹೆಂಗಸರಲ್ಲಿ ಬಹುಪಾಲು ಜನರಿಗೆ ಹೇಳಿಕೊಳ್ಳುವಂಥ ತೊಂದರೆಯೇ ಇರುವುದಿಲ್ಲ ಎಂಬುದನ್ನೂ ಮರೆಯಬಾರದು.

ಲ್ಯಾಬಿನವರು ಏನೂ ಇಲ್ಲ ಎಂದದ್ದು ಏಕಿರಬಹುದು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಭಾಗದ ಎಷ್ಟೋ ಹೆಣ್ಣುಮಕ್ಕಳ ನರಳಿಕೆಗೆ ಕಾರಣ ಇಲ್ಲಿಯೇ ಇದೆ. ಸೆರಗಿನ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಸಲೈನ್ ನೀರಿನೊಂದಿಗೆ ಬೆರೆಸಿ, ಮೇಲೊಂದು ತೆಳುಗಾಜು ಮುಚ್ಚಿ, ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಹಳೆಯ, ಅಗ್ಗದ, ಎಲ್ಲ ಕಡೆ ಸಾಧ್ಯವಾದ ಪರೀಕ್ಷೆ. ಅಲ್ಲಿ ಚಪ್ಪಟೆಯಾದ ದೊಡ್ಡ ಚರ್ಮಕೋಶಗಳು, ಅವುಗಳ ನಡುವೆ ದುಂಡನೆಯ ಬಿಳಿರಕ್ತಕಣಗಳು ಕಾಣುತ್ತವೆ. ಎಲ್ಲವೂ ನಿಶ್ಚಲ. ಅವುಗಳ ನಡುವೆ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ತುಸು ದೊಡ್ಡದಾದ, ಪೇರಲ ಹಣ್ಣಿನ ಆಕಾರದ ಒಂದು ಜೀವಿ ತನ್ನ ಚಾಟಿಯಂಥ ಎಳೆಗಳನ್ನು ಬೀಸುತ್ತ, ಬೆಚ್ಚಿಬಿದ್ದಂತೆ ತಟಕ್ಕನೆ ಅತ್ತಿತ್ತ ಕದಲುತ್ತ, ಪಕ್ಕದ ಕಣಗಳನ್ನು ಸರಿಸಿಕೊಂಡು ಹೋಗುತ್ತದೆ. ಆ ಕದಲಿಕೆಯೇ ಅದರ ಗುರುತು. ಹನಿ ತಣ್ಣಗಾದರೆ, ಹತ್ತಾರು ನಿಮಿಷ ಕಳೆದರೆ ಚಲನೆ ನಿಲ್ಲುತ್ತದೆ, ನಿಂತ ಮೇಲೆ ಅದು ಬಿಳಿರಕ್ತಕಣದಂತೆಯೇ ಕಾಣುತ್ತದೆ, ನೋಡುವವರ ಕಣ್ಣಿಗೆ ತಪ್ಪಿಹೋಗುತ್ತದೆ. ಹನಿ ತೆಗೆದ ಹತ್ತು ನಿಮಿಷದೊಳಗೆ ನೋಡಬೇಕು ಎಂಬ ನಿಯಮ ಇರುವುದು ಇದಕ್ಕಾಗಿ. ಅನುಭವಿ ಕಣ್ಣು ತಕ್ಷಣವೇ ನೋಡಿದರೂ ಸೋಂಕಿರುವ ನೂರು ಜನರಲ್ಲಿ ಐವತ್ತರಿಂದ ಅರವತ್ತೈದು ಜನರಲ್ಲಷ್ಟೇ ಅದು ಸಿಗುತ್ತದೆ. ಒಂದು ಗಂಟೆ ಇಟ್ಟು ನೋಡಿದರೆ ಇಪ್ಪತ್ತಕ್ಕೆ ಇಳಿಯಬಹುದು.

ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಂದು ಆಸ್ಪತ್ರೆಯಲ್ಲಿ ಬೆಳಗಿನ ಹೊರರೋಗಿ ವಿಭಾಗದ ಹತ್ತಿಕಡ್ಡಿಗಳನ್ನೆಲ್ಲ ಒಂದು ಸ್ಟೀಲ್ ತಟ್ಟೆಯಲ್ಲಿ ಕೂಡಿಟ್ಟು, ಮಧ್ಯಾಹ್ನ ಊಟದ ಹೊತ್ತಿಗೆ ಆಯಾ ಕೈಯಲ್ಲಿ ಹಿಂದಿನ ಕಟ್ಟಡದ ಲ್ಯಾಬಿಗೆ ಕಳುಹಿಸುವ ರೂಢಿಯಿತ್ತು. ವರದಿಗಳು ದಿನವೂ ಒಂದೇ ರೀತಿ ಬರುತ್ತಿದ್ದವು: ಟ್ರೈಕೊಮೊನಾಸ್ ಕಂಡಿಲ್ಲ. ನಾವು ಅದನ್ನು ನಂಬಿಕೊಂಡು, ನಮ್ಮ ಕಡೆ ಈ ಸೋಂಕು ಅಪರೂಪ ಎಂದು ವಿದ್ಯಾರ್ಥಿಗಳಿಗೂ ಹೇಳುತ್ತಿದ್ದೆವು. ಹಳೆಯ ಸೂಕ್ಷ್ಮದರ್ಶಕವೊಂದನ್ನು ಪರೀಕ್ಷಾ ಕೋಣೆಯ ಕಿಟಕಿ ಪಕ್ಕಕ್ಕೇ ತಂದಿಟ್ಟುಕೊಂಡ ಮೇಲೆ ಮೊದಲ ವಾರದಲ್ಲೇ ಅದು ನಮ್ಮ ಕಣ್ಣಿಗೆ ಬಿತ್ತು. ಅಷ್ಟು ದಿನ ಏನೂ ಇಲ್ಲ ಎಂದು ಮನೆಗೆ ಕಳುಹಿಸಿದವರನ್ನು ನೆನೆದರೆ ಇಂದಿಗೂ ನನಗೆ ಸಂಕಟವಾಗುತ್ತದೆ.

ಈಗ ನೀವು ಮಾಡಬೇಕಾದುದು. ಪರೀಕ್ಷೆಗೆ ಹೋಗುವ ಹಿಂದಿನ ಎರಡು ದಿನ ಒಳಗೆ ನೀರು, ಸಾಬೂನು, ಡೆಟಾಲ್ ಹಾಕಿ ತೊಳೆಯಬೇಡಿ, ಯೋನಿಯಲ್ಲಿ ಇಡುವ ಗುಳಿಗೆ ಬಳಸಬೇಡಿ, ಗಂಡನೊಂದಿಗೆ ಕೂಡಬೇಡಿ. ತಾವಾಗಿಯೇ ನುಂಗಿದ ಗುಳಿಗೆಗಳ ಖಾಲಿ ಹಾಳೆಗಳಿದ್ದರೆ ಜೊತೆಗೆ ತೆಗೆದುಕೊಂಡು ಹೋಗಿ. ವೈದ್ಯರು ಸ್ಪೆಕ್ಯುಲಮ್, ಅಂದರೆ ಯೋನಿಯನ್ನು ಅಗಲಿಸಿ ಒಳಗೆ ನೋಡಲು ಬಳಸುವ ಸಲಕರಣೆ, ಇಟ್ಟು ಗರ್ಭಕಂಠವನ್ನು, ಅಂದರೆ ಗರ್ಭಚೀಲದ ಬಾಯಿಯನ್ನು, ಕಣ್ಣಾರೆ ನೋಡಬೇಕು, ಯೋನಿಯ ಗೋಡೆಗೆ ಪಿಎಚ್ ಕಾಗದ ತಾಗಿಸಿ ಆಮ್ಲೀಯತೆ ಅಳೆಯಬೇಕು. ಅಳತೆ 4.5ಕ್ಕಿಂತ ಹೆಚ್ಚಾದರೆ ಬರಿಯ ಶಿಲೀಂಧ್ರದ ಸೋಂಕಿನ ಸಾಧ್ಯತೆ ಕಡಿಮೆಯಾಗಿ, ಟ್ರೈಕೊಮೊನಾಸ್ ಅಥವಾ ಬ್ಯಾಕ್ಟೀರಿಯಾ ಅಸಮತೋಲದ ಸಂಶಯ ಹೆಚ್ಚುತ್ತದೆ; ಮುಟ್ಟಿನ ರಕ್ತ, ವೀರ್ಯಗಳಿಂದಲೂ ಅಳತೆ ಏರುವುದರಿಂದಲೇ ಮೇಲಿನ ಎಚ್ಚರಿಕೆ ಹೇಳಿದೆ. ಆಮೇಲೆ ಅಲ್ಲಿಯೇ, ಆಗಲೇ, ಹನಿಯನ್ನು ನೋಡಬೇಕು. ಅಲ್ಲಿ ಸಿಗದಿದ್ದರೂ ಸಂಶಯ ಉಳಿದರೆ ಪಿಸಿಆರ್ ಜಾತಿಯ ಪರೀಕ್ಷೆ ಕೇಳಿ. ಅದು ಜೀವಿಯ ಚಲನೆಯನ್ನಲ್ಲ, ಅದರ ವಂಶವಾಹಿಯ ಅಂಶವನ್ನು ಹುಡುಕುವುದರಿಂದ ಮಾದರಿಯನ್ನು ಹೈದರಾಬಾದಿಗೋ ಬೆಂಗಳೂರಿಗೋ ಕಳುಹಿಸಿದರೂ ಫಲ ಕೆಡುವುದಿಲ್ಲ, ಸೋಂಕಿರುವ ನೂರರಲ್ಲಿ ತೊಂಬತ್ತೈದಕ್ಕಿಂತ ಹೆಚ್ಚು ಜನರಲ್ಲಿ ಅದನ್ನು ಹಿಡಿಯುತ್ತದೆ. ಖರ್ಚು ಹೆಚ್ಚು ಎಂಬುದು ನಿಜ. ಮೊದಲು ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನಂಥ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಏನೇನು ಲಭ್ಯವಿದೆ ಎಂದು ವಿಚಾರಿಸಿ.

ಸರ್ಕಾರಿ ಆಸ್ಪತ್ರೆಗಳಲ್ಲಿ ಲೈಂಗಿಕ ಸೋಂಕುಗಳನ್ನು ನೋಡುವ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಬಿಳಿ ಸೆರಗಿಗೆಂದು ಹಸಿರು ಬಣ್ಣದ ಕಿಟ್ ಕೊಡುತ್ತಾರೆ. ಅದರಲ್ಲಿ ಸೆಕ್ನಿಡಜೋಲ್ ಮತ್ತು ಫ್ಲುಕೊನಜೋಲ್ ಎಂಬ ಗುಳಿಗೆಗಳು ಇವೆ. ಲ್ಯಾಬ್ ಇಲ್ಲದ ಕಡೆ ರೋಗಿಯನ್ನು ಬರಿಗೈಯಲ್ಲಿ ಕಳುಹಿಸಬಾರದು ಎಂಬ ಸದುದ್ದೇಶದಿಂದ ಬಂದ ಕ್ರಮ ಅದು, ನಾನು ಅದನ್ನು ತೆಗಳುವುದಿಲ್ಲ. ಆದರೆ ಒಮ್ಮೆ ತೆಗೆದುಕೊಂಡೂ ಸೆರಗು ಮರಳಿದರೆ ಎರಡನೇ ಕಿಟ್ಟಿಗೆ ಮುನ್ನ ಪರೀಕ್ಷೆ ಆಗಲೇಬೇಕು. ಟ್ರೈಕೊಮೊನಾಸ್ ಖಚಿತವಾದರೆ ಹೆಂಗಸರಿಗೆ ಮೆಟ್ರೊನಿಡಜೋಲ್ 500 ಮಿಲಿಗ್ರಾಂ ದಿನಕ್ಕೆ ಎರಡು ಸಲದಂತೆ ಏಳು ದಿನ ಕೊಡುವುದು, ಒಂದೇ ಸಲಕ್ಕೆ 2 ಗ್ರಾಂ ನುಂಗಿಸುವುದಕ್ಕಿಂತ ಉತ್ತಮ.

ನಿಮ್ಮ ಮನೆಯವರ ವಿಷಯ. ಗಂಡಸರಲ್ಲಿ ಈ ಸೋಂಕು ಸಾಮಾನ್ಯವಾಗಿ ಸದ್ದಿಲ್ಲದೆ ಇರುತ್ತದೆ. ನೀವೊಬ್ಬರೇ ಗುಳಿಗೆ ನುಂಗಿ, ಹಬ್ಬಕ್ಕೆ ಅವರು ಬಂದಾಗ ಮತ್ತೆ ಅಂಟಿಸಿಕೊಂಡಿರುವ ಸಾಧ್ಯತೆ ಬಹಳ. ಇಬ್ಬರೂ ಒಂದೇ ಕಾಲಕ್ಕೆ ಔಷಧಿ ತೆಗೆದುಕೊಳ್ಳಬೇಕು, ಅದು ಮುಗಿದು ಲಕ್ಷಣಗಳು ಹೋಗುವವರೆಗೆ ಕೂಡಬಾರದು, ಮೂರು ತಿಂಗಳೊಳಗೆ ನೀವು ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ನೀವು ಬಾಯಿಬಿಟ್ಟು ಕೇಳದಿದ್ದರೂ ಕಾಗದದಲ್ಲಿ ಒಂದು ಸಂಶಯ ಕಾಣುತ್ತದೆ. ಈ ಸೋಂಕು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅಡಗಿರಬಲ್ಲದು. ಇಂದು ಪರೀಕ್ಷೆಯಲ್ಲಿ ಸಿಕ್ಕಿದ್ದು ಯಾವಾಗ ಬಂತು, ಯಾರಿಂದ ಬಂತು ಎಂಬುದನ್ನು ಯಾವ ಲ್ಯಾಬೂ ಹೇಳಲಾರದು. ವರದಿಯನ್ನು ಹಿಡಿದು ಜಗಳಕ್ಕೆ ಹೋಗಬೇಡಿ, ಅವರು ನಿಮ್ಮ ಮೇಲೆ ಬೆರಳು ಮಾಡಲೂ ಬಿಡಬೇಡಿ.

ಪ್ರಶ್ನೆ: ಚಿಂಚೋಳಿ ಹತ್ತಿರದ ತಾಂಡಾದವಳು, 36 ವರ್ಷ, ಮೂರು ಮಕ್ಕಳು. ತೊಗರಿ ರಾಶಿಯ ಕೂಲಿಗೆ ಹೋಗುತ್ತೇನೆ. ಬಿಳಿ ಹೋಗುತ್ತದೆ ಎಂದು ತೋರಿಸಿದರೆ, ಸ್ಕ್ಯಾನ್ ಮಾಡಿ ಗರ್ಭಚೀಲದ ಬಾಯಿಗೆ ಹುಣ್ಣಾಗಿದೆ, ಚೀಲ ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ ಎಂದರು. ನಮ್ಮ ಓಣಿಯಲ್ಲಿ ಬಹಳ ಮಂದಿ ತೆಗೆಸಿಕೊಂಡಿದ್ದಾರೆ. ತೆಗೆಸಲೇ?

ಉತ್ತರ: ಈಗಲೇ ಬೇಡ, ತಂಗಿ. ಸುಮಾರು ಹತ್ತು ವರ್ಷದ ಹಿಂದೆ ಇದೇ ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳ ಗರ್ಭಚೀಲಗಳನ್ನು ಅಗತ್ಯವಿಲ್ಲದೆ ತೆಗೆಯಲಾಗಿದೆ ಎಂಬ ದೂರು ಎದ್ದು, ಆರೋಗ್ಯ ಇಲಾಖೆ ವಿಚಾರಣೆ ನಡೆಸಿತ್ತು. ಆಗ ಮಾತನಾಡಿದ ಹೆಂಗಸರಲ್ಲಿ ಎಷ್ಟೋ ಮಂದಿ ಮೊದಲು ಆಸ್ಪತ್ರೆಗೆ ಹೋದದ್ದು ನಿಮ್ಮಂತೆಯೇ ಬಿಳಿ ಸೆರಗು, ಹೊಟ್ಟೆನೋವುಗಳಿಗಾಗಿ. ಆದ್ದರಿಂದ ಈ ಪ್ರಶ್ನೆಗೆ ಉತ್ತರಿಸುವಾಗ ನನ್ನ ಕೈ ತುಸು ಭಾರವಾಗುತ್ತದೆ.

ಟ್ರೈಕೊಮೊನಾಸ್ ವಾಸವಾಗಿರುವುದು ಯೋನಿಯಲ್ಲಿ ಮತ್ತು ಮೂತ್ರನಾಳದಲ್ಲಿ. ಗರ್ಭಚೀಲ ತೆಗೆದರೂ ಅವೆರಡೂ ಅಲ್ಲಿಯೇ ಇರುತ್ತವೆ, ಸೋಂಕೂ ಇರುತ್ತದೆ, ಸೆರಗೂ ಹೋಗುತ್ತದೆ. ಇನ್ನು ಹುಣ್ಣಿನ ಮಾತು. ಹೊಟ್ಟೆಯ ಮೇಲೆ ಇಟ್ಟು ಮಾಡುವ ಸ್ಕ್ಯಾನಿನಲ್ಲಿ ಗರ್ಭಕಂಠದ ಮೇಲ್ಮೈಯ ಹುಣ್ಣು ಕಾಣುವುದಿಲ್ಲ. ಅದನ್ನು ಸ್ಪೆಕ್ಯುಲಮ್ ಇಟ್ಟು ಬೆಳಕಿನಲ್ಲಿ ನೋಡಬೇಕು. ಹಾಗೆ ನೋಡಿದಾಗ ಕಾಣುವ ಕೆಂಪು ಭಾಗ ಎಷ್ಟೋ ಸಲ ಹುಣ್ಣೇ ಅಲ್ಲ, ಒಳಗಿನ ಪದರ ಹೊರಚಾಚಿಕೊಂಡಿರುತ್ತದೆ, ಅದು ರೋಗವಲ್ಲ. ಟ್ರೈಕೊಮೊನಾಸ್ ಇದ್ದರೆ ಗರ್ಭಕಂಠ ಉರಿಗೆಂಪಾಗಿ ಅಲ್ಲಲ್ಲಿ ರಕ್ತದ ಚುಕ್ಕೆಗಳು ಮೂಡಿ ಸ್ಟ್ರಾಬೆರಿ ಹಣ್ಣಿನಂತೆ ಕಾಣಬಹುದು, ಆದರೆ ಬರಿಗಣ್ಣಿಗೆ ಹೀಗೆ ಕಾಣುವುದು ನೂರರಲ್ಲಿ ಒಂದಿಬ್ಬರಲ್ಲಿ ಮಾತ್ರ. ಅಪರೂಪಕ್ಕೆ ಆಮಶಂಕೆ ತರುವ ಅಮೀಬಾ ಕೂಡ ಗರ್ಭಕಂಠದಲ್ಲಿ ಕೊಳೆತಂಥ, ಮುಟ್ಟಿದರೆ ರಕ್ತ ಬರುವ ಹುಣ್ಣು ಮಾಡುತ್ತದೆ. ಅದು ನೋಡಲು ಕ್ಯಾನ್ಸರಿನಂತೆಯೇ ಇರುತ್ತದೆ. ಹುಣ್ಣಿನ ಚೂರು ತೆಗೆದು ಬಯಾಪ್ಸಿ ಮಾಡಿಸಿದಾಗ ಅಮೀಬಾ ಕಂಡರೆ ಮೆಟ್ರೊನಿಡಜೋಲಿನಿಂದಲೇ ಗುಣವಾಗುತ್ತದೆ. ಬಯಾಪ್ಸಿಯಿಲ್ಲದೆ ಕತ್ತರಿಸಿದರೆ ಗುಳಿಗೆಗೆ ಹೋಗಬಹುದಾಗಿದ್ದ ರೋಗಕ್ಕೆ ಅಂಗವನ್ನೇ ಕೊಟ್ಟಂತಾಗುತ್ತದೆ.

ಕ್ಯಾನ್ಸರಿನ ಭಯವನ್ನು ನಾನು ಹಗುರವಾಗಿ ನೋಡುತ್ತಿಲ್ಲ. 30 ದಾಟಿದ ಪ್ರತಿ ಹೆಣ್ಣುಮಗಳೂ ಗರ್ಭಕಂಠದ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು, ಅದಕ್ಕೆ ಆಮ್ಲದ್ರವ ಹಚ್ಚಿ ನೋಡುವ ಸರಳ ವಿಧಾನವೂ ಇದೆ, ಗರ್ಭಕಂಠದ ಕೋಶಗಳನ್ನು ಒರೆಸಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಸ್ಮಿಯರೂ ಇದೆ. ಪ್ಯಾಪ್ ಸ್ಮಿಯರಿನಲ್ಲಿ ಕೆಲವೊಮ್ಮೆ ಟ್ರೈಕೊಮೊನಾಸ್ ಕಾಣುತ್ತದೆ, ಆದರೆ ಅದನ್ನು ಹುಡುಕಲೆಂದು ಮಾಡುವ ಪರೀಕ್ಷೆ ಅದಲ್ಲ. ಇದ್ದದ್ದು ತಪ್ಪಬಹುದು, ಇಲ್ಲದ್ದು ಇದ್ದಂತೆ ಕಾಣಬಹುದು. ಸೋಂಕಿನ ಉರಿಯೂತದಿಂದ ಕೋಶಗಳ ರೂಪ ಕೆಟ್ಟು ವರದಿ ಗಾಬರಿ ಹುಟ್ಟಿಸುವಂತೆ ಬರುವುದೂ ಉಂಟು. ಆಗ ಸೋಂಕಿಗೆ ಚಿಕಿತ್ಸೆ ಮಾಡಿ, ವೈದ್ಯರು ಹೇಳಿದ ಅವಧಿಗೆ ಮತ್ತೆ ಸ್ಮಿಯರ್ ಮಾಡಿಸಬೇಕು, ಅಗತ್ಯವಿದ್ದರೆ ಬಯಾಪ್ಸಿ ಮಾಡಿಸಬೇಕು. ನಿಮ್ಮ ಕೈಯಲ್ಲಿ ಈ ಮೂರರ ಕಾಗದ ಇರಬೇಕು: ತಾಜಾ ಹನಿಯ ಪರೀಕ್ಷೆ, ಸ್ಮಿಯರ್, ಹುಣ್ಣಿದೆ ಎಂದಾದರೆ ಬಯಾಪ್ಸಿ. ಅವುಗಳನ್ನು ಹಿಡಿದು ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಎರಡನೇ ಅಭಿಪ್ರಾಯ ಕೇಳಿ. ಆಶಾ ಅಕ್ಕನನ್ನು ಜೊತೆಗೆ ಕರೆದುಕೊಂಡು ಹೋಗಿ. ಈ ನಡುವೆ ಮುಟ್ಟಿಲ್ಲದಾಗಲೂ ರಕ್ತ ಹೋದರೆ ಮಾತ್ರ ಒಂದು ದಿನವೂ ತಡ ಮಾಡಬೇಡಿ.

ಪ್ರಶ್ನೆ: ಐದು ತಿಂಗಳ ಗರ್ಭಿಣಿ. ಪರೀಕ್ಷೆಯಲ್ಲಿ ಟ್ರೈಕೊಮೊನಾಸ್ ಬಂದಿದೆ. ಹೆರಿಗೆಯಾಗುವವರೆಗೆ ಗುಳಿಗೆ ಬೇಡ ಎಂದು ಮನೆಯಲ್ಲಿ ಹೇಳುತ್ತಾರೆ.

ಉತ್ತರ: ತಡ ಮಾಡಬೇಡಿ. ಈ ಸೋಂಕಿಗೂ ಅವಧಿಗೆ ಮುನ್ನ ಹೆರಿಗೆಯಾಗುವುದಕ್ಕೂ, ಮಗುವಿನ ತೂಕ ಕಡಿಮೆಯಾಗುವುದಕ್ಕೂ ನಂಟಿದೆ. ಮೆಟ್ರೊನಿಡಜೋಲನ್ನು ಗರ್ಭಿಣಿಯರಿಗೂ ಕೊಡುತ್ತಾರೆ. ನಿಮ್ಮ ವೈದ್ಯರಿಗೆ ವರದಿ ತೋರಿಸಿ, ಅವರು ಹೇಳಿದಂತೆ ತೆಗೆದುಕೊಳ್ಳಿ. ಗಂಡನಿಗೂ ಚಿಕಿತ್ಸೆಯಾಗಲಿ.

ಪ್ರಶ್ನೆ: ಬೀದರಿನ ತಾಯಿ. ನನ್ನ ಆರು ವರ್ಷದ ಮಗಳು ನಡುರಾತ್ರಿ ಎದ್ದು ಅಳುತ್ತಾಳೆ, ಕೆಳಗೆ ತುರಿಸಿಕೊಳ್ಳುತ್ತಾಳೆ. ಚಡ್ಡಿಗೆ ಹಳದಿ ಕಲೆಯಾಗುತ್ತದೆ. ಎರಡು ಸಲ ಮಲಪರೀಕ್ಷೆ ಮಾಡಿಸಿದರೂ ಏನೂ ಸಿಗಲಿಲ್ಲ.

ಉತ್ತರ: ರಾತ್ರಿಯೇ ತುರಿಕೆ ಹೆಚ್ಚು ಎಂದದ್ದೇ ದೊಡ್ಡ ಸುಳಿವು. ದಾರದ ತುಂಡಿನಂಥ ಸಣ್ಣ ಬಿಳಿ ಹುಳು, ಸೆಂಟಿಮೀಟರಿನಷ್ಟು ಉದ್ದದ್ದು, ಮಗು ಮಲಗಿದ ಮೇಲೆ ಗುದದ್ವಾರದಿಂದ ಹೊರಬಂದು ಸುತ್ತಲಿನ ಚರ್ಮದ ಮೇಲೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಹೆಣ್ಣುಮಕ್ಕಳಲ್ಲಿ ಅದು ದಾರಿ ತಪ್ಪಿ ಮುಂದಕ್ಕೆ ಸರಿದು ಯೋನಿಯ ಬಾಯಿಗೆ ಹೋಗಿ, ಕರುಳಿನ ಬ್ಯಾಕ್ಟೀರಿಯಾಗಳನ್ನೂ ಜೊತೆಗೆ ಒಯ್ದು, ಉರಿ ಮತ್ತು ಸೆರಗು ತರುತ್ತದೆ. ಮೊಟ್ಟೆಗಳು ಚರ್ಮದ ಮೇಲಿರುವುದರಿಂದ ಮಲದಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ನಿಮ್ಮ ವರದಿಗಳು ಸುಳ್ಳಲ್ಲ, ಹುಡುಕಿದ ಜಾಗ ಬೇರೆಯಾಯಿತು ಅಷ್ಟೆ.

ಇದರ ಪರೀಕ್ಷೆಯನ್ನು ನೀವೇ ಮಾಡಬಹುದು. ಲ್ಯಾಬಿನಿಂದ ಮೂರು ಗಾಜಿನ ಪಟ್ಟಿ ಕೇಳಿ ತನ್ನಿ. ಬೆಳಿಗ್ಗೆ ಮಗು ಎದ್ದ ಕೂಡಲೇ, ಶೌಚಕ್ಕೂ ಸ್ನಾನಕ್ಕೂ ಮುನ್ನ, ಪಾರದರ್ಶಕ ಸೆಲ್ಲೊಟೇಪಿನ ಅಂಟಿನ ಬದಿಯನ್ನು ಗುದದ್ವಾರದ ಸುತ್ತಲಿನ ಮಡಿಕೆಗಳಿಗೆ ಮೆಲ್ಲಗೆ ಒತ್ತಿ ತೆಗೆದು, ಅದೇ ಬದಿ ಕೆಳಗಾಗುವಂತೆ ಪಟ್ಟಿಗೆ ಅಂಟಿಸಿ. ಮಂಜಿನಂತೆ ಮಬ್ಬಾದ ಟೇಪು ಬೇಡ, ನೀರಿನಂತೆ ತಿಳಿಯಾದದ್ದೇ ಬೇಕು. ಹೀಗೆ ಮೂರು ದಿನ ಮಾಡಿದರೆ ಹುಳು ಇರುವ ಹತ್ತು ಮಕ್ಕಳಲ್ಲಿ ಒಂಬತ್ತರಲ್ಲಿ ಮೊಟ್ಟೆ ಸಿಗುತ್ತದೆ. ಮಲಗಿದ ಎರಡು ಮೂರು ಗಂಟೆಯ ಮೇಲೆ ಟಾರ್ಚ್ ಹಿಡಿದು ನೋಡಿದರೆ ಹುಳುವೇ ಹರಿದಾಡುವುದು ಕಾಣಬಹುದು. ಟೇಪು ತೆಗೆದ ಕೈಯನ್ನು ಸಾಬೂನಿನಿಂದ ತೊಳೆಯಿರಿ.

ಫೆಬ್ರುವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಜಂತುಹುಳು ಗುಳಿಗೆಯೇ, ಅಂದರೆ ಅಲ್ಬೆಂಡಜೋಲ್ 400 ಮಿಲಿಗ್ರಾಂ, ಇದಕ್ಕೂ ಔಷಧಿ. ಆದರೆ ಅದು ಮೊಟ್ಟೆಗಳನ್ನು ಪೂರ್ತಿ ಕೊಲ್ಲುವುದಿಲ್ಲವಾದ್ದರಿಂದ ಎರಡು ವಾರ ಬಿಟ್ಟು ಮತ್ತೊಂದು ಕೊಡಬೇಕು, ಮನೆಯವರೆಲ್ಲರೂ ವೈದ್ಯರನ್ನು ಕೇಳಿ ಒಟ್ಟಿಗೇ ತೆಗೆದುಕೊಳ್ಳಬೇಕು. ಉಗುರು ಕತ್ತರಿಸಿ, ಹಾಸಿಗೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ.

ಇನ್ನೊಂದು ಮಾತನ್ನು ಹೇಳದೆ ಇರಲಾರೆ. ಹುಳುವಿನ ಔಷಧಿಯಾದ ಮೇಲೂ ಸೆರಗು ನಿಲ್ಲದಿದ್ದರೆ, ರಕ್ತ ಬೆರೆತರೆ ಅಥವಾ ಕೆಟ್ಟ ನಾತ ಬಂದರೆ ಮಗುವನ್ನು ಮಹಿಳಾ ವೈದ್ಯರಿಗೆ ತೋರಿಸಿ. ಒಳಗೆ ಮಣಿಯೋ ಕಾಗದದ ಚೂರೋ ಸಿಕ್ಕಿಕೊಂಡಿರಬಹುದು. ಚಿಕ್ಕ ಹುಡುಗಿಯಲ್ಲಿ ಟ್ರೈಕೊಮೊನಾಸ್ ಪತ್ತೆಯಾದರೆ ಅದನ್ನು ಬರಿಯ ಸೋಂಕೆಂದು ಮುಚ್ಚಿಡಬಾರದು, ಮಗುವಿನ ಮೇಲೆ ಯಾರಾದರೂ ದೌರ್ಜನ್ಯ ಮಾಡಿರಬಹುದೇ ಎಂದು ವಿಚಾರಿಸಲೇಬೇಕು. ಆ ಸಂಶಯ ಬಂದಾಗ ಪೊಲೀಸರಿಗೆ ತಿಳಿಸುವುದು ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಡಿ ಕಡ್ಡಾಯ. ನಿಮ್ಮ ಮಗಳ ಲಕ್ಷಣಗಳು ಸಣ್ಣ ಹುಳುವಿನವೇ ಆಗಿ ಕಾಣುತ್ತವೆ, ಗಾಬರಿಯಾಗಬೇಡಿ.

ಪ್ರಶ್ನೆ: ಯಾದಗಿರಿ ಜಿಲ್ಲೆಯ ಆಶಾ ಕಾರ್ಯಕರ್ತೆ. ಆನೆಕಾಲು ರೋಗದ ಹುಳು ಗರ್ಭಚೀಲಕ್ಕೂ ಹೋಗುತ್ತದೆಯೇ ಎಂದು ಹೆಂಗಸರು ಕೇಳುತ್ತಾರೆ.

ಉತ್ತರ: ಅಕ್ಕಾವರೇ, ನಮ್ಮ ಮೂರೂ ಜಿಲ್ಲೆಗಳು ಆನೆಕಾಲು ರೋಗದ ಪಟ್ಟಿಯಲ್ಲಿದ್ದವು, ಆದ್ದರಿಂದ ಪ್ರಶ್ನೆ ಸಹಜ. ಆ ಹುಳು ವಾಸಿಸುವುದು ದುಗ್ಧನಾಳಗಳಲ್ಲಿ, ಅಂದರೆ ಮೈಯೊಳಗಿನ ನೀರಿನಂಶವನ್ನು ಸಾಗಿಸುವ ಸಣ್ಣ ನಾಳಗಳಲ್ಲಿ. ಗಂಡಸರಲ್ಲಿ ಬುಡ್ಡೆ ಬಾವು ಸಾಮಾನ್ಯ. ಹೆಂಗಸರಲ್ಲಿ ಕಾಲಿನ ಜೊತೆಗೆ ಸ್ತನ ಮತ್ತು ಹೊರ ಜನನಾಂಗದ ತುಟಿಗಳು ಊದಿಕೊಳ್ಳುವುದುಂಟು, ಅದನ್ನು ನಾಚಿಕೆಯಿಂದ ಯಾರಿಗೂ ತೋರಿಸದೆ ಇರುವುದೂ ಉಂಟು. ಗರ್ಭಕಂಠದ ಸ್ಮಿಯರಿನಲ್ಲಿ ಇದರ ಮರಿಹುಳುಗಳು ಕಂಡದ್ದು ಬಹಳ ವಿರಳ. ಬಿಳಿ ಸೆರಗಿಗೆ ಇದನ್ನು ಕಾರಣವಾಗಿ ಹೇಳಬೇಡಿ. ಮರಿಹುಳುಗಳು ರಾತ್ರಿಯ ಹೊತ್ತೇ ರಕ್ತದಲ್ಲಿ ಓಡಾಡುವುದರಿಂದ ರಕ್ತಲೇಪನವನ್ನು ರಾತ್ರಿ ತೆಗೆಯಬೇಕು. ರಕ್ತದಲ್ಲಿ ಹುಳುವಿನ ಅಂಶವನ್ನು ಹುಡುಕಲು ಪಟ್ಟಿಯ ಮೇಲೆ ಮಾಡುವ ಪ್ರತಿಜನಕ ಪರೀಕ್ಷೆಯನ್ನು ಹಗಲಲ್ಲೂ ಮಾಡಬಹುದು. ಗುಳಿಗೆ ನುಂಗಿಸುವ ಅಭಿಯಾನದಲ್ಲಿ ಗರ್ಭಿಣಿಯರನ್ನು ಬಿಡಬೇಕು ಎಂಬುದು ನಿಮಗೆ ತಿಳಿದೇ ಇದೆ.

ಪ್ರಶ್ನೆ: ನಾನು ಬೀದರಿನವಳು, ನರ್ಸ್. ನಾಲ್ಕು ವರ್ಷ ಆಫ್ರಿಕಾದ ಮಲಾವಿಯಲ್ಲಿ ಕೆಲಸ ಮಾಡಿ ಮರಳಿದ್ದೇನೆ. ರಜೆಯಲ್ಲಿ ಅಲ್ಲಿನ ಸರೋವರದಲ್ಲಿ ಈಜುತ್ತಿದ್ದೆ. ಈಗ ಕೂಡಿದ ಮೇಲೆ ರಕ್ತ ಬರುತ್ತದೆ, ಮೂತ್ರವೂ ಒಮ್ಮೊಮ್ಮೆ ಕೆಂಪಾಗುತ್ತದೆ. ಇಲ್ಲಿನ ಪರೀಕ್ಷೆಗಳಲ್ಲಿ ಏನೂ ಸಿಕ್ಕಿಲ್ಲ.

ಉತ್ತರ: ಸರೋವರದ ಮಾತನ್ನು ಬರೆದು ಬಹಳ ಉಪಕಾರ ಮಾಡಿದಿರಿ. ಶಿಸ್ಟೊಸೋಮ ಎಂಬ ರಕ್ತಹುಳುವಿನ ಒಂದು ಜಾತಿ ಆಫ್ರಿಕಾದ ಸಿಹಿನೀರಿನ ಬಸವನಹುಳುಗಳಲ್ಲಿ ಬೆಳೆದು, ನೀರಿಗಿಳಿದವರ ಚರ್ಮವನ್ನು ಕೊರೆದು ಒಳಸೇರಿ, ಮೂತ್ರಕೋಶ ಮತ್ತು ಜನನಾಂಗದ ಸುತ್ತಲಿನ ರಕ್ತನಾಳಗಳಲ್ಲಿ ಮೊಟ್ಟೆ ಇಡುತ್ತದೆ. ಆಫ್ರಿಕಾದಲ್ಲಿ ಕೋಟಿಗಟ್ಟಲೆ ಹೆಣ್ಣುಮಕ್ಕಳು ಇದರಿಂದ ನರಳುತ್ತಿದ್ದಾರೆ. ನಮ್ಮ ದೇಶದಲ್ಲಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಗಿಂವಿ ಎಂಬ ಹಳ್ಳಿಯಿಂದ 1952ರಲ್ಲಿ ಒಂದು ವರದಿ ಬಂದದ್ದು ಬಿಟ್ಟರೆ ಇದು ನೆಲೆನಿಂತ ರೋಗವಲ್ಲ; ಹಾಗಾಗಿ ಇಲ್ಲಿನ ವೈದ್ಯರ ಮನಸ್ಸಿಗೆ ತಾನಾಗಿ ಹೊಳೆಯಲಾರದು. ನೀವೇ ಹೇಳಬೇಕು.

ಮೂತ್ರವನ್ನು ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರೊಳಗೆ ಕೊಡಿ, ಮೊಟ್ಟೆಗಳು ಹೆಚ್ಚು ಹೊರಬರುವುದು ಆಗ. ಅದನ್ನು ಸೋಸಿ ಅಥವಾ ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ಕೆಳಗೆ ಕೂತ ಗಸಿಯನ್ನು ನೋಡಬೇಕು. ಒಂದು ತುದಿಯಲ್ಲಿ ಮುಳ್ಳಿರುವ ಮೊಟ್ಟೆ ಸಿಕ್ಕರೆ ರೋಗ ಖಚಿತ. ಒಂದು ದಿನ ಸಿಗದಿದ್ದರೆ ಬಿಡಬೇಡಿ, ಬೇರೆ ಬೇರೆ ದಿನಗಳಲ್ಲಿ ಮರುಪರೀಕ್ಷೆ ಮಾಡಿಸಿ, ಏಕೆಂದರೆ ಜನನಾಂಗದಲ್ಲಿ ಮೊಟ್ಟೆ ಹುದುಗಿದ್ದೂ ಮೂತ್ರದಲ್ಲಿ ಕಾಣದೆ ಇರುವುದುಂಟು. ಗರ್ಭಕಂಠವನ್ನು ಕಾಲ್ಪೊಸ್ಕೋಪ್ ಎಂಬ, ದೊಡ್ಡದಾಗಿ ತೋರಿಸುವ ಸಾಧನದಲ್ಲಿ ನೋಡಿದಾಗ ಮರಳು ಉದುರಿಸಿದಂಥ ಹಳದಿ ಮಚ್ಚೆಗಳು, ಅಸಹಜ ರಕ್ತನಾಳಗಳು ಕಾಣಬಹುದು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಇದರ ಚಿತ್ರಗಳ ಸಣ್ಣ ಪುಸ್ತಕವನ್ನೇ ಹೊರತಂದಿದೆ, ನಿಮ್ಮನ್ನು ನೋಡುವ ವೈದ್ಯರಿಗೆ ಅದನ್ನು ತೋರಿಸಲು ಸಂಕೋಚಪಡಬೇಡಿ. ಕೂಡಿದ ಮೇಲೆ ರಕ್ತ ಬರುವುದರಿಂದ ಗರ್ಭಕಂಠದ ಕ್ಯಾನ್ಸರ್ ಪರೀಕ್ಷೆಯೂ ಇದರ ಜೊತೆಗೇ ಆಗಲಿ. ರೋಗ ಖಚಿತವಾದರೆ ಪ್ರಾಜಿಕ್ವಾಂಟೆಲ್ ಎಂಬ ಗುಳಿಗೆಯನ್ನು ದೇಹದ ತೂಕದ ಪ್ರತಿ ಕಿಲೋಗೆ 40 ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ಹೊರರೋಗಿ ಚೀಟಿ ಬರೆಸುವಾಗಲೇ ಎಷ್ಟು ವರ್ಷ ಮಲಾವಿಯಲ್ಲಿದ್ದಿರಿ, ಯಾವ ನೀರಿನಲ್ಲಿ ಇಳಿದಿರಿ ಎಂಬೆರಡು ಸಾಲುಗಳನ್ನು ಮೊದಲಿಗೇ ಬರೆಸಿಬಿಡಿ.